ಮೆಕ್ಸಿಕೊದಲ್ಲಿ ತಳ್ಳುಗಾಡಿಯ ಹೆಚ್ಚಿದ ಹಣ್ಣು ತಿನ್ನಬಹುದೇ, ಅಥವಾ ಸೂಪರ್‌ಮಾರ್ಕೆಟ್ಟಿನಲ್ಲಿ ಹೆಚ್ಚಿ ಡಬ್ಬಿಗೆ ತುಂಬಿಟ್ಟದ್ದೇ ಕ್ಷೇಮವೇ?

ಗ್ವಾಡಲಹಾರಾಕ್ಕೆ ಕಚೇರಿ ಕೆಲಸದ ಮೇಲೆ ಹೊರಟಿದ್ದೀರಿ, ಸಸ್ಯಾಹಾರಿ, ಬೀದಿಯ ಗಾಡಿಯ ಹಣ್ಣು ತಿನ್ನುವ ಆಸೆಯೂ ಇದೆ, ಹೊಟ್ಟೆ ಕೆಟ್ಟೀತೆಂಬ ಅಂಜಿಕೆಯೂ ಇದೆ. ಕೆಲವು ವರ್ಷಗಳ ಹಿಂದೆ ಇದೇ ನಗರಕ್ಕೆ ಇದೇ ಅಂಜಿಕೆಯನ್ನು ಕಟ್ಟಿಕೊಂಡು ಹೋದವನು ನಾನು. ಹೊಟ್ಟೆಯನ್ನೂ ಕೆಡಿಸಿಕೊಂಡೆ, ತಪ್ಪು ಪಾಠವನ್ನೂ ಕಲಿತೆ, ಅದರಿಂದಾಗಿ ಅಲ್ಲಿನ ಒಂದು ಇಡೀ ಮಾವಿನ ಸುಗ್ಗಿಯನ್ನು ಕಳೆದುಕೊಂಡೆ.

ನಾನಿದ್ದ ಬೀದಿಯ ತಿರುವಿನಲ್ಲಿ ನಡುವಯಸ್ಸಿನ ಒಬ್ಬ ಹೆಂಗಸಿನ ಗಾಡಿ ಬೆಳಿಗ್ಗೆ ಬಂದು ನಿಲ್ಲುತ್ತಿತ್ತು. ಮೇಲೆ ದೊಡ್ಡ ಛತ್ರಿ, ಕೆಳಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಮಂಜುಗಡ್ಡೆಯ ಹಾಸಿನ ಮೇಲೆ ಸಿಪ್ಪೆ ತೆಗೆದ ಅನಾನಸು, ಉದ್ದುದ್ದ ಸೀಳಿದ ಸೌತೆಕಾಯಿ, ಕಲ್ಲಂಗಡಿ, ಕರಬೂಜ, ಪರಂಗಿ ಮತ್ತು ಹಿಕಾಮಾ. ಹಿಕಾಮಾ ಎಂಬುದು ಅಲ್ಲಿಯದೇ ಆದ ಗೆಡ್ಡೆ. ಕಂದು ಸಿಪ್ಪೆ ಸುಲಿದರೆ ಒಳಗೆ ಅಚ್ಚ ಬಿಳುಪು, ಬೇಯಿಸುವ ಗೋಜಿಲ್ಲದೆ ಹಸಿಯಾಗಿಯೇ ತಿನ್ನುತ್ತಾರೆ, ಕಚ್ಚಿದರೆ ಗರಗರ ಎನ್ನುತ್ತದೆ, ಬಾಯಿ ತುಂಬ ತಣ್ಣನೆಯ ನೀರು. ಆಕೆ ಹೋಳುಗಳನ್ನು ಲೋಟಕ್ಕೆ ಗೋಪುರದಂತೆ ಏರಿಸಿ, ಅಲ್ಯೂಮಿನಿಯಂ ಇಕ್ಕಳದಲ್ಲಿ ಪುಟ್ಟ ನಿಂಬೆಹಣ್ಣು ಹಿಂಡಿ, ಉಪ್ಪು ಉದುರಿಸಿ, ಮೇಲೆ ಕೆಂಪಗೆ ಖಾರದ ಪುಡಿ ಹಾಕುತ್ತಿದ್ದಳು. ಆ ಪುಡಿ ಬಹುತೇಕ ತಹೀನ್ ಎಂಬ ಬ್ರ್ಯಾಂಡಿನದಾಗಿರುತ್ತದೆ. 1985ರಲ್ಲಿ, ಗ್ವಾಡಲಹಾರಾ ಇರುವ ಇದೇ ಹಾಲಿಸ್ಕೊ ರಾಜ್ಯದಲ್ಲಿ ಶುರುವಾದದ್ದು. ಪಕ್ಕದಲ್ಲಿ ವಲೆಂಟೀನಾ ಎಂಬ ಸಾಸಿನ ಸೀಸೆ, ಅದೂ ಗ್ವಾಡಲಹಾರಾದ್ದೇ. ಇನ್ನೊಂದು ಸೀಸೆಯಲ್ಲಿ ಚಮೊಯ್: ಉಪ್ಪಿನಲ್ಲಿ ಊರಿಟ್ಟ ಏಪ್ರಿಕಾಟ್ ಅಥವಾ ಪ್ಲಮ್ ಹಣ್ಣನ್ನು ಮೆಣಸಿನಕಾಯಿಯೊಡನೆ ಅರೆದು ಮಾಡುವ ಹುಳಿ, ಖಾರ, ಸಿಹಿ ಮೂರೂ ಕೂಡಿದ ಗಟ್ಟಿ ರಸ.

ಶಾಲೆಯ ಗೇಟಿನ ಮುಂದೆ ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು ತಿಂದು ಬೆಳೆದ ನಮಗೆ ಈ ರುಚಿಯ ಬಗ್ಗೆ ಪಾಠ ಬೇಕಿಲ್ಲ. ಸೀಬೆ, ಮೆಣಸಿನಕಾಯಿ, ಪರಂಗಿ, ಅನಾನಸು ಎಲ್ಲವೂ ಅಮೆರಿಕ ಖಂಡಗಳಿಂದ ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದವು. ಮಾವು ನಮ್ಮ ಕಡೆಯಿಂದ ಹೊರಟು, ಫಿಲಿಪೀನ್ಸ್ ಮುಟ್ಟಿ, ಮನಿಲಾದಿಂದ ಮೆಕ್ಸಿಕೊದ ಅಕಪುಲ್ಕೊ ಬಂದರಿಗೆ ಹೋಗುತ್ತಿದ್ದ ಸ್ಪೇನಿನ ಹಡಗುಗಳ ದಾರಿಯಲ್ಲಿ ಅಲ್ಲಿಗೆ ಸೇರಿತು. ಅಲ್ಲಿನ ಒಂದು ಮಾವಿನ ತಳಿಗೆ ಇಂದಿಗೂ ಮನಿಲಾ ಎಂದೇ ಹೆಸರು. ಕೊಟ್ಟು ತೆಗೆದುಕೊಂಡ ಲೆಕ್ಕದಲ್ಲಿ ನಾವೇ ಹೆಚ್ಚು ಲಾಭ ಮಾಡಿಕೊಂಡೆವೇನೋ.

ಈಗ ನಾನು ಮಾಡಿದ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಮಾಡಲಿರುವುದೂ ಇದನ್ನೇ. ಏಪ್ರಿಲ್ ತಿಂಗಳ ಒಂದು ಶನಿವಾರ ಚಪಾಲಾ ಸರೋವರ ನೋಡಲು ಹೊರಟಿದ್ದೆ. ಮೆಕ್ಸಿಕೊದ ಅತಿ ದೊಡ್ಡ ಸರೋವರ ಅದು. ನಗರದ ಹಳೆಯ ಬಸ್ ನಿಲ್ದಾಣದಿಂದ ಬಸ್ಸು ಸಿಗುತ್ತದೆ. ದಾರಿಯಲ್ಲಿ ಸಸ್ಯಾಹಾರ ಸಿಗದಿದ್ದರೆ ಎಂಬ ಯೋಚನೆಯಿಂದ ಬೆಳಿಗ್ಗೆಯೇ ಆಕೆಯ ಬಳಿ ದೊಡ್ಡ ಚೀಲದಷ್ಟು ಹಣ್ಣು ಕೇಳಿದೆ. “ಇಲ್ಲೇ ತಿನ್ನುತ್ತೀರಾ, ಒಯ್ಯುತ್ತೀರಾ?” ಎಂದು ಆಕೆ ಕೇಳಿದಳು. ಒಯ್ಯುತ್ತೇನೆ ಎಂದೆ. ಹಾಗಿದ್ದರೆ ಪರಂಗಿ, ಕರಬೂಜ ಬೇಡ, ಹಿಕಾಮಾ ಅನಾನಸು ಕೊಡುತ್ತೇನೆ, ನಿಂಬೆ ಖಾರವನ್ನು ಬೇರೆ ಕಟ್ಟಿಕೊಡುತ್ತೇನೆ ಎಂದಳು. ನನ್ನ ಅರೆಬರೆ ಸ್ಪ್ಯಾನಿಷ್‌ಗೆ ಅಷ್ಟು ಅರ್ಥವಾಗಿತ್ತು. ಆದರೂ ಬೆರಳು ತೋರಿಸಿ ಪರಂಗಿ, ಕರಬೂಜವನ್ನೇ ತುಂಬಿಸಿಕೊಂಡು, ಎಲ್ಲವನ್ನೂ ಮೇಲೆಯೇ ಸುರಿಸಿ, ಚೀಲದ ಬಾಯಿಗೆ ಗಂಟು ಹಾಕಿಸಿದೆ. ನಿಂಬೆಹುಳಿ ಇದ್ದ ಮೇಲೆ ಯಾವ ಕ್ರಿಮಿ ಬದುಕೀತು ಎಂಬುದು ಉಪ್ಪಿನಕಾಯಿ ಮನೆತನದಲ್ಲಿ ಹುಟ್ಟಿದ ನನ್ನ ತರ್ಕ. ಬೆನ್ನಚೀಲದೊಳಗೆ ಅದು ಬಸ್ಸಿನಲ್ಲಿ ಬಂತು, ದಂಡೆಯ ಮೇಲೆ ಬಿಸಿಲಲ್ಲಿ ಅಲೆಯಿತು, ಊಟದ ಹೊತ್ತು ಮೀರಿದ ಮೇಲೆ ಬಿಚ್ಚಿದಾಗ ಹೋಳುಗಳು ಮೆತ್ತಗಾಗಿ ಕೆಂಪು ನೀರಿನಲ್ಲಿ ತೇಲುತ್ತಿದ್ದವು. ಹಾಳು ಮಾಡಬಾರದೆಂದು ಪೂರ್ತಿ ತಿಂದೆ.

ಆ ಚೀಲದಲ್ಲಿ ಏನಾಯಿತೆಂದು ನೋಡಿ. ಹಣ್ಣು ಇಡಿಯಾಗಿರುವವರೆಗೆ ಸಿಪ್ಪೆಯೇ ಕೋಟೆ. ಕರಬೂಜದ ಬಲೆಬಲೆಯಾದ ಸಿಪ್ಪೆಯ ಸಂದುಗಳಲ್ಲಿ ಹೊಲದ ಮಣ್ಣೂ ಅದರೊಡನೆ ಬ್ಯಾಕ್ಟೀರಿಯಾಗಳೂ ಕೂತಿರಬಹುದು, ಚಾಕು ಇಳಿದಾಗ ಅವು ತಿರುಳಿಗೆ ದಾಟುತ್ತವೆ. ಅನಾನಸಿನ ತಿರುಳು ಸಾಕಷ್ಟು ಹುಳಿ, ಅಲ್ಲಿ ಅವುಗಳ ಆಟ ಹೆಚ್ಚು ನಡೆಯದು. ಕರಬೂಜ, ಕಲ್ಲಂಗಡಿ, ಪರಂಗಿಗಳಲ್ಲಿ ಹುಳಿ ತೀರಾ ಕಡಿಮೆ, ಸಕ್ಕರೆ ಮತ್ತು ನೀರು ಧಾರಾಳ. ಉಪ್ಪು ಬಿದ್ದೊಡನೆ ಹೋಳು ನೀರು ಬಿಡುತ್ತದೆ, ಆ ನೀರು ನಿಂಬೆರಸವನ್ನು ತೆಳುವಾಗಿಸುತ್ತದೆ. ಉಪ್ಪಿನಕಾಯಿ ಕೆಡದಿರುವುದು ಹುಳಿ ಉಪ್ಪುಗಳು ಹೋಳಿನ ಒಳಗಿನವರೆಗೂ ಇಳಿದಿರುವುದರಿಂದ. ಎರಡು ನಿಂಬೆಹಣ್ಣಿನ ರಸ ಮೇಲ್ಮೈಯನ್ನು ಸವರಿದರೆ ಆ ಕೆಲಸ ಆಗುವುದಿಲ್ಲ. ಬೆಚ್ಚಗಿನ ಚೀಲದಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆಂದು ಹಿಡಿದರೂ ಐದು ಗಂಟೆಯಲ್ಲಿ ಒಂದಿದ್ದದ್ದು ಸಾವಿರದಷ್ಟಾಗುತ್ತದೆ. ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಿ ಒಂದೇ ಗಂಟೆ ಎಂದು ಅಮೆರಿಕದ ಆಹಾರ ಸುರಕ್ಷತೆಯ ಸಲಹೆ ಹೇಳುತ್ತದೆ. ಏಪ್ರಿಲ್, ಮೇ ತಿಂಗಳೆಂದರೆ ಗ್ವಾಡಲಹಾರಾದಲ್ಲಿ ವರ್ಷದ ಕಡುಬೇಸಿಗೆ. ಆ ಚೀಲವೇ ಕಾರಣವೆಂಬುದಕ್ಕೆ ಪ್ರಯೋಗಾಲಯದ ಸಾಕ್ಷಿ ನನ್ನಲ್ಲಿಲ್ಲ, ಆದರೆ ಅದಕ್ಕಿಂತ ಒಳ್ಳೆಯ ಆರೋಪಿಯೂ ಸಿಗುವುದಿಲ್ಲ.

ರಾತ್ರಿಯಿಡೀ ಏನಾಯಿತೆಂದು ಬರೆಯಬೇಕಿಲ್ಲ. ಬೆಳಿಗ್ಗೆ ನಮ್ಮೂರಿನ ಅಭ್ಯಾಸದಂತೆ ಔಷಧದಂಗಡಿಗೆ ಹೋಗಿ ಆಂಟಿಬಯಾಟಿಕ್ ಕೇಳಿದೆ. 2010ರಿಂದ ಮೆಕ್ಸಿಕೊದಲ್ಲಿ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಅಂಗಡಿಗೆ ಅಂಟಿಕೊಂಡಿದ್ದ ಪುಟ್ಟ ಕೋಣೆಯಲ್ಲಿ ಕುಳಿತಿದ್ದ ವೈದ್ಯೆ ಪರೀಕ್ಷಿಸಿ, ಜ್ವರವೂ ಇಲ್ಲ, ರಕ್ತವೂ ಇಲ್ಲ, ಆಂಟಿಬಯಾಟಿಕ್ ಬೇಡ ಎಂದು ಹೇಳಿ, ನೀರಿಗೆ ಬೆರೆಸಿ ಕುಡಿಯುವ ಲವಣದ ಪೊಟ್ಟಣಗಳನ್ನು ಬರೆದುಕೊಟ್ಟರು. ಹಣ್ಣನ್ನು ಎಷ್ಟು ಹೊತ್ತಿಗೆ ಕೊಂಡಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಅವರು ಕೇಳಿದ್ದರಲ್ಲೇ ಉತ್ತರವಿತ್ತು. ನಾನು ಮಾತ್ರ ಬೀದಿಯಲ್ಲಿ ಕೊಂಡದ್ದು ಎಂಬ ಒಂದೇ ಮಾತನ್ನು ಹಿಡಿದುಕೊಂಡೆ. ಆ ಗಾಡಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ. ಅತ್ತ ಅತೌಲ್ಫೊ ಎಂಬ ತಳಿಯ ಮಾವಿನ ಕಾಲ ಬಂತು. ಆಕೆ ಇಡೀ ಮಾವಿಗೆ ಕಡ್ಡಿ ಚುಚ್ಚಿ, ಸಿಪ್ಪೆ ತೆಗೆದು, ಚಾಕುವಿನಿಂದ ಸುತ್ತಲೂ ಕೊರೆದು, ಹೂವಿನ ಎಸಳುಗಳಂತೆ ಅರಳಿಸಿ, ಖಾರ ಉದುರಿಸಿ ಕೊಡುತ್ತಿದ್ದುದನ್ನು ನಾನು ಎದುರು ಬದಿಯಿಂದ ನೋಡುತ್ತಾ ಹೋಗುತ್ತಿದ್ದೆ. ಸೂಪರ್‌ಮಾರ್ಕೆಟ್ಟಿನಿಂದ ತಂದ ಡಬ್ಬಿಯ ಹಣ್ಣು ತಣ್ಣಗಿರುತ್ತಿತ್ತು, ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ.

ಆದ್ದರಿಂದ ಗಾಡಿಯೋ ಡಬ್ಬಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಚ್ಚಿ ಎಷ್ಟು ಹೊತ್ತಾಯಿತು, ಅಷ್ಟು ಹೊತ್ತು ಅದು ತಣ್ಣಗಿತ್ತೇ ಎಂದು ಕೇಳಿ. ಡಬ್ಬಿಯ ಹಣ್ಣನ್ನು ಯಾರು, ಎಂದು, ಯಾವ ಚಾಕುವಿನಿಂದ ಹೆಚ್ಚಿದರೋ ನಿಮಗೆ ಕಾಣುವುದಿಲ್ಲ. ಗಾಡಿಯಲ್ಲಿ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಅಮೆರಿಕದಲ್ಲಿ 2017ರಲ್ಲಿ ಮೆಕ್ಸಿಕೊದ ಪರಂಗಿಯಿಂದ, 2023ರಲ್ಲಿ ಮೆಕ್ಸಿಕೊದ ಕರಬೂಜದಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿದಾಗ ಆ ಹಣ್ಣು ಮುಖ್ಯವಾಗಿ ಜನರ ಕೈ ಸೇರಿದ್ದು ಒಳ್ಳೆಯ ದೀಪ ಹಾಕಿದ ಅಂಗಡಿಗಳ ಮೂಲಕವೇ.

ಬೆಳಿಗ್ಗೆ ಹೋಗಿ, ಕಚೇರಿಗೆ ಹೋಗುವವರು ಸಾಲುಗಟ್ಟಿ ನಿಂತ ಗಾಡಿಯನ್ನು ಹುಡುಕಿ. ವ್ಯಾಪಾರ ಜೋರಾಗಿರುವ ಕಡೆ ಹಣ್ಣು ಕೂತು ಹಳೆಯದಾಗುವುದಿಲ್ಲ. ಮೊದಲೇ ತುಂಬಿಟ್ಟ ಲೋಟ ಬೇಡವೆಂದು ಹೇಳಿ, ನಿಮ್ಮೆದುರಿಗೇ ಹೊಸ ಹಣ್ಣು ಹೆಚ್ಚಿಸಿ. ದುಡ್ಡು ಮುಟ್ಟುವ ಕೈ ಯಾವುದೆಂದು ನೋಡಿ: ಜಾಣ ವ್ಯಾಪಾರಿಗಳು ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ನೋಟು ತೆಗೆದುಕೊಳ್ಳುತ್ತಾರೆ, ಅಥವಾ ಜೊತೆಯವರೊಬ್ಬರನ್ನು ಅದಕ್ಕೇ ಇಟ್ಟಿರುತ್ತಾರೆ. ಚಾಕು ತೊಳೆಯುವ ನೀರು ದೊಡ್ಡ ಕ್ಯಾನಿನದೋ, ಎಲ್ಲವನ್ನೂ ಅದ್ದುವ ಒಂದೇ ಬಕೆಟ್ಟಿನದೋ ಗಮನಿಸಿ. ಇಷ್ಟೂ ಸರಿಯಿದ್ದರೆ ಖಾರ ಬೇಡ, ಉಪ್ಪು ಬೇಡ ಎಂದು ಹಿಂಜರಿಯದೆ ಎಲ್ಲವನ್ನೂ ಹಾಕಿಸಿ, ಗಾಡಿಯ ಪಕ್ಕದಲ್ಲೇ ನಿಂತು ಮುಗಿಸಿ. ಖಾರವಿಲ್ಲದ ಹಿಕಾಮಾ ತಿಂದು ಅದು ಸಪ್ಪೆ ಎಂದು ದೂರುವವರ ಬಗ್ಗೆ ನನಗೆ ಸಹಾನುಭೂತಿಯಿಲ್ಲ.

ಸಸ್ಯಾಹಾರಿಗಳು ನೋಡಿಕೊಳ್ಳಬೇಕಾದ ಸಂಗತಿ ಬೇರೆಯೇ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಹಣ್ಣು ಮಾರುವ ಕೆಲವು ಗಾಡಿಗಳಲ್ಲಿ ಗೋಧಿಹಿಟ್ಟಿನ ದೊಡ್ಡ ಸಂಡಿಗೆಯನ್ನೂ ಮಾರುತ್ತಾರೆ. ಸಂಡಿಗೆಗೆ ದೋಷವಿಲ್ಲ, ಆದರೆ ಅದರ ಮೇಲೆ ಹಾಕಲು ಕ್ವೆರಿತೋಸ್ ಎಂಬ ಹುಳಿಯಲ್ಲಿ ಊರಿಟ್ಟ ಹಂದಿಯ ಚರ್ಮದ ಜಾಡಿ ಪಕ್ಕದಲ್ಲೇ ಇರುತ್ತದೆ. ಅಂಥ ಗಾಡಿಯಲ್ಲಿ ಚಿಮಟ, ಚಾಕು ಒಂದೇ ಆಗಿರಬಹುದು. ಬರಿಯ ಹಣ್ಣಿನ ಗಾಡಿಯನ್ನೇ ಆರಿಸಿಕೊಳ್ಳಿ.

ರಜೆಯಲ್ಲಿ ಸಾಧ್ಯವಾದರೆ ಮಿಚೊಅಕಾನ್ ರಾಜ್ಯದ ಮೊರೇಲಿಯಾಕ್ಕೂ ಹೋಗಿ. ಅಲ್ಲಿ ಗಾಸ್ಪಾಚೊ ಎಂದು ಕರೆದು ಹಿಕಾಮಾ, ಮಾವು, ಅನಾನಸುಗಳನ್ನು ನಮ್ಮ ಕೋಸಂಬರಿಯಷ್ಟು ಸಣ್ಣಗೆ ಕೊಚ್ಚಿ, ಕಿತ್ತಳೆ ನಿಂಬೆರಸಗಳಲ್ಲಿ ಮುಳುಗಿಸಿ, ಖಾರದ ಪುಡಿ, ಬೇಕೆಂದವರಿಗೆ ಈರುಳ್ಳಿ, ಕೊನೆಗೆ ತುರಿದ ಚೀಸ್ ಉದುರಿಸಿ ಕೊಡುತ್ತಾರೆ. ಆ ಚೀಸ್ ಮಾಡುವಾಗ ಹಾಲನ್ನು ಒಡೆಸಲು ಕರುವಿನ ಜಠರದಿಂದ ತೆಗೆದ ಕಿಣ್ವವನ್ನು ಬಳಸುವ ಸಂಪ್ರದಾಯವಿದೆ. ನಿಮಗೆ ಅದು ಸಲ್ಲದಿದ್ದರೆ ಲೋಟ ತುಂಬುವ ಮೊದಲೇ “ಸಿನ್ ಕೆಸೊ” ಎಂದು ಹೇಳಿ, ಚೀಸ್ ಹಾಕದೆ ಕೊಡುತ್ತಾರೆ.