ಆಗಸ್ಟ್‌ನಲ್ಲಿ ಮಸ್ಕತ್ತೋ ಸಲಾಲಾನೋ?

ಅಪ್ಪ-ಅಮ್ಮನ ಜೊತೆ ಆಗಸ್ಟ್‌ನಲ್ಲಿ ಒಮಾನ್‌ನ ಬೀಚ್ ರೆಸಾರ್ಟ್ ಅಂದಿದ್ದೀರಿ. ಆ ತಿಂಗಳು ಮಸ್ಕತ್ ಬೇಡವೇ ಬೇಡ. ಮರಳಿನ ಮೇಲೆ ಕಾಲಿಡೋಕಾಗಲ್ಲ, ಕಡಲೂ ಬೆಚ್ಚಗೆ. ಒಮಾನ್‌ನ ದಕ್ಷಿಣ ತುದಿಯ ಊರು ಸಲಾಲಾದಲ್ಲಿ ಆಗ ಖರೀಫ್, ಅಂದ್ರೆ ಅಲ್ಲಿನ ಮಳೆಗಾಲ: ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೋನೆಮಳೆ, ಮಂಜು, 25 ಡಿಗ್ರಿ ಆಸುಪಾಸು, ಗುಡ್ಡಗಳೆಲ್ಲ ಥೇಟ್ ನಮ್ಮ ಮಲೆನಾಡು.

ಆದರೆ ಆಗ ಅಲ್ಲಿನ ಸಮುದ್ರ ರೊಚ್ಚಿಗೆದ್ದಿರುತ್ತೆ, ಈಜೋ ಆಸೆ ಬಿಡಿ. ಸಮುದ್ರ ಕಾಣೋ ರೂಮಿಗೆ ಸುರಿಯೋ ದುಡ್ಡನ್ನು ಸ್ಪಾಗೆ ಹಾಕಿ. ಸಲಾಲಾದ ಅಲ್ ಬಲೀದ್ ಅನಂತರಾ ರೆಸಾರ್ಟ್‌ನಲ್ಲಿ ಹಮಾಮ್ ಇದೆ. ಹಮಾಮ್ ಅಂದ್ರೆ ಹಬೆಯಲ್ಲಿ ಕೂರಿಸಿ, ಕಪ್ಪು ಸಾಬೂನು ಹಚ್ಚಿ, ಒರಟು ಕೈಗವಸಿನಲ್ಲಿ ಗಸಗಸ ಉಜ್ಜುತ್ತಾರೆ (ನಾಚಿಕೆ ಸ್ವಭಾವದವರಿಗೆ ಕಷ್ಟ!). ಅಮ್ಮನಿಗೆ ಬಿಪಿ ಇದ್ದರೆ ಹಬೆ ಬೇಡ, ಎಣ್ಣೆ ಮಸಾಜ್ ಸಾಕು. ಹತ್ತಿರದಲ್ಲೇ ಯುನೆಸ್ಕೋ ಪಟ್ಟಿಯ ಹಳೇ ಬಂದರಿನ ಅವಶೇಷ, ಲೋಬಾನದ ಮ್ಯೂಸಿಯಂ ಇವೆ. ಖರೀಫ್‌ಗೆ ಕೊಲ್ಲಿಯ ಜನ ಅಲ್ಲಿಗೇ ನುಗ್ತಾರೆ, ಬೇಗ ಬುಕ್ ಮಾಡಿ.