ಬಂಗುಡೆ, ಶೋಯು ಮತ್ತು ಬಿಳಿ ವೈನ್

ಪ್ರಶ್ನೆ: ವರ್ಷದ ಕೊನೆಯ ರಾತ್ರಿ ನಮ್ಮ ಮನೆಯಲ್ಲಿ ಎಂಟು ಮಂದಿ ಗೆಳೆಯರು ಊಟಕ್ಕೆ ಸೇರುತ್ತೇವೆ. ಯೋಕೊಹಾಮಾದಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದ ಗೆಳತಿಯೊಬ್ಬರು ಶೋಯು (ಸೋಯಾ ಸಾಸ್), ಮಿಸೊ (ಹುದುಗಿಸಿದ ಸೋಯಾ ಮುದ್ದೆ), ವಸಾಬಿ (ಘಾಟಿನ ಹಸಿರು ಮುದ್ದೆ) ತಂದಿದ್ದಾರೆ. ಕಾರವಾರದ ಪೇಟೆಯಲ್ಲಿ ಸಿಗುವ ಮೀನಿನಿಂದಲೇ ಜಪಾನೀ ಅಡುಗೆ ಮಾಡಿ, ಅದರೊಂದಿಗೆ ಎರಡು ಮೂರು ಬಗೆಯ ವೈನುಗಳ ರುಚಿ ನೋಡಬೇಕೆಂದಿದ್ದೇವೆ. ಕಳೆದ ವರ್ಷ ಸುಟ್ಟ ಬಂಗುಡೆಯ ಜೊತೆ ಒಳ್ಳೆಯ ಕೆಂಪು ವೈನ್ ಕುಡಿದಾಗ ಬಾಯೆಲ್ಲ ಕಬ್ಬಿಣ ನೆಕ್ಕಿದಂತಾಗಿತ್ತು. ಅದಕ್ಕೆ ಕಾರಣವೇನು? ಬೆಳಿಗ್ಗೆ ಬಂದರಿನಿಂದ ತಂದ ತಾಜಾ ಇಸ್ವಾಣ ಮೀನನ್ನು ಹಸಿಯಾಗಿಯೇ ತೆಳ್ಳಗೆ ಕೊಯ್ದು ಸಾಶಿಮಿ ಮಾಡಿ ಬಡಿಸಬಹುದೇ? ಯಾವ ವೈನ್ ಕೊಳ್ಳಬೇಕು?
– ಓದುಗರು, ಕಾರವಾರ

ಉತ್ತರ: ನಿಮ್ಮ ಬಂಗುಡೆಯೂ ಚೆನ್ನಾಗಿತ್ತು, ವೈನೂ ಚೆನ್ನಾಗಿತ್ತು ಎಂದೇ ಇಟ್ಟುಕೊಳ್ಳಿ. ಅವೆರಡೂ ಬಾಯಲ್ಲಿ ಕೂಡಿದ ಗಳಿಗೆಯಲ್ಲಿ ಆ ಕೆಟ್ಟ ರುಚಿ ಹುಟ್ಟಿದೆ. ಇದರ ಕಾರಣವನ್ನು ಜಪಾನಿನ ಸಂಶೋಧಕರೇ 2009ರಲ್ಲಿ ಪತ್ತೆ ಮಾಡಿದರು. 38 ಕೆಂಪು ಮತ್ತು 26 ಬಿಳಿ ವೈನುಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮಾಂಸದೊಂದಿಗೆ ಪರೀಕ್ಷಿಸಿದಾಗ, ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಹಸಿ ಮೀನಿನ ವಾಸನೆ ಬಾಯಲ್ಲಿ ಹೆಚ್ಚು ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೀನಿನ ಕೊಬ್ಬನ್ನು ಕಬ್ಬಿಣವು ಥಟ್ಟನೆ ಒಡೆದು ಆ ವಾಸನೆಯನ್ನು ಬಿಡಿಸುತ್ತದೆ. ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ಒಡೆಯುವುದಕ್ಕೆ ಕೊಬ್ಬು ಬೇಕಾದಷ್ಟಿದೆ. ಎಷ್ಟು ಕಬ್ಬಿಣವಿದೆ ಎಂದು ಬಾಟಲಿಯ ಮೇಲೆ ಬರೆದಿರುವುದಿಲ್ಲ. ಸಾಮಾನ್ಯವಾಗಿ ಕೆಂಪು ವೈನಿನಲ್ಲಿಯೇ ಅದು ಹೆಚ್ಚು ಎಂಬುದಷ್ಟೇ ನಮಗಿರುವ ಆಧಾರ.

ಎರಡನೆಯ ಕಾರಣ ಟ್ಯಾನಿನ್, ಅಂದರೆ ಕೆಂಪು ವೈನಿನ ಒಗರು. ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಶೋಯು, ಮಿಸೊ, ಒಣಮೀನಿನ ಸಾರು, ಎಲ್ಲದರ ಜೀವಾಳವೂ ಅದೇ. ಆದರೆ ಊಟದಲ್ಲಿ ಉಮಾಮಿ ಹೆಚ್ಚಾದಂತೆ ವೈನಿನ ಒಗರು ಕಹಿಯಾಗಿ ಅನ್ನಿಸುತ್ತದೆ, ಹಣ್ಣಿನ ಪರಿಮಳ ಅಡಗುತ್ತದೆ. ಉಪ್ಪು ಮತ್ತು ಹುಳಿ ಸೇರಿದರೆ ಅದೇ ವೈನ್ ಮೆತ್ತಗಾಗುತ್ತದೆ. ಆದ್ದರಿಂದ ವೈನನ್ನು ಮೀನು ನೋಡಿ ಆರಿಸುವುದಕ್ಕಿಂತ, ಆ ಮೀನಿಗೆ ಏನು ಸವರಿದ್ದೀರಿ, ಯಾವುದರಲ್ಲಿ ಅದ್ದಿ ತಿನ್ನುತ್ತೀರಿ ಎಂಬುದನ್ನು ನೋಡಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಊಟದ ದಿನಕ್ಕೆ ಮೊದಲೇ ನೀವು ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಉಪ್ಪು ಮಾತ್ರ ಹಚ್ಚಿ ಸುಟ್ಟ ಬಂಗುಡೆಯ ಬೆನ್ನಿನ ಭಾಗದಿಂದ ಮೂರು ಚೂರು ಬಿಡಿಸಿ ತಟ್ಟೆಯಲ್ಲಿಡಿ. ಒಂದನ್ನು ಹಾಗೆಯೇ ಬಿಡಿ, ಎರಡನೆಯದಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡಿ, ಮೂರನೆಯದರ ಮೇಲೆ ಅರ್ಧ ಚಮಚ ಶೋಯು ಬಿಡಿ. ಒಂದೊಂದು ಚೂರಿನ ನಂತರವೂ ಒಂದೇ ಬಿಳಿ ವೈನನ್ನು ಒಂದು ಗುಟುಕು ಕುಡಿಯಿರಿ. ಲಿಂಬೆ ಹಿಂಡಿದ ಚೂರಿನ ನಂತರ ವೈನ್ ದುಂಡಗೆ, ತುಸು ಸಿಹಿಯಾಗಿಯೂ ಅನ್ನಿಸುತ್ತದೆ. ಶೋಯು ಬಿಟ್ಟ ಚೂರಿನ ನಂತರ ಅದೇ ವೈನಿನ ಹುಳಿ ಚುರುಕಾಗಿ ನಾಲಗೆಯ ಅಂಚಿಗೆ ತಾಗುತ್ತದೆ.

ಸಾಶಿಮಿಯ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ಮೀನು ತಾಜಾ ಇರುವುದು ಬೇರೆ, ಹಸಿಯಾಗಿ ತಿನ್ನಲು ಯೋಗ್ಯವಾಗಿರುವುದು ಬೇರೆ. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ 7 ದಿನ ಇಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ನಮ್ಮ ಮನೆಗಳ ಫ್ರೀಜರ್ ಅಷ್ಟು ಕೆಳಗಿಳಿಯುತ್ತದೆಂಬ ಭರವಸೆಯಿಲ್ಲ, ವಿದ್ಯುತ್ ಹೋದರಂತೂ ಲೆಕ್ಕವೇ ತಪ್ಪುತ್ತದೆ. ಲಿಂಬೆರಸ, ವಿನೆಗರ್, ವಸಾಬಿಗಳಿಂದ ಈ ಹುಳು ಸಾಯುತ್ತದೆಂದು ನಂಬಬೇಡಿ. ಹಸಿ ಮೀನಿಲ್ಲದೆ ಜಪಾನೀ ಊಟವೇ ಆಗದು ಎಂಬ ಕೊರಗೂ ಬೇಡ. ಶೀತಲ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಎದೊ ನಗರದ (ಇಂದಿನ ಟೋಕಿಯೊ) ಸುಶಿ ಬಾಣಸಿಗರು ಮೀನನ್ನು ಬೇಯಿಸಿ, ಉಪ್ಪು ಮತ್ತು ವಿನೆಗರಿನಲ್ಲಿಟ್ಟು, ಶೋಯುವಿನಲ್ಲಿ ನೆನೆಸಿ ಬಳಸುತ್ತಿದ್ದರು. ಬೇಯಿಸಿದ ಸಿಗಡಿಯನ್ನು ಅನ್ನದ ಮೇಲಿಟ್ಟ ಸುಶಿ ಇಂದಿಗೂ ಅಲ್ಲಿ ಗೌರವದ ತಿನಿಸು.

ಆರಂಭಕ್ಕೆ ಸಿಗಡಿಯ ತೆಂಪುರಾ ಇರಲಿ. ಹಿಟ್ಟಿನಲ್ಲಿ ಅದ್ದಿ ಕರಿಯುವ ಈ ಪದ್ಧತಿಯನ್ನು ಜಪಾನಿಗೆ 16ನೆಯ ಶತಮಾನದಲ್ಲಿ ಒಯ್ದವರು ಪೋರ್ಚುಗೀಸರು ಎನ್ನುತ್ತಾರೆ. 1505ರಲ್ಲಿ ನಿಮ್ಮ ಊರಿನ ಸಮೀಪದ ಅಂಜದೀವು ದ್ವೀಪದಲ್ಲಿ ಕೋಟೆ ಕಟ್ಟಿದವರೂ ಅವರೇ ಎಂಬುದನ್ನು ಊಟದ ನಡುವೆ ಗೆಳೆಯರಿಗೆ ನೆನಪಿಸಿ. ಮೈದಾಹಿಟ್ಟಿಗೆ ಮಂಜಿನಂತೆ ತಣ್ಣಗಿರುವ ನೀರು ಹಾಕಿ, ಗಂಟುಗಳು ಉಳಿದರೂ ಚಿಂತೆಯಿಲ್ಲವೆಂದು ಎರಡೇ ಸುತ್ತು ಕಲಸಿ ಬಿಟ್ಟರೆ ಹೊದಿಕೆ ಗರಿಗರಿಯಾಗುತ್ತದೆ. ಇದಕ್ಕೆ ಸಿಹಿಯಿಲ್ಲದ ಸ್ಪಾರ್ಕ್ಲಿಂಗ್ ವೈನ್ ಸರಿಯಾದ ಜೊತೆ, ಏಕೆಂದರೆ ಅದರ ಹುಳಿ ಮತ್ತು ಗುಳ್ಳೆಗಳು ಎಣ್ಣೆಯ ಜಿಡ್ಡನ್ನು ತೊಳೆದು ನಾಲಗೆಯನ್ನು ಮುಂದಿನ ತುತ್ತಿಗೆ ಸಿದ್ಧ ಮಾಡುತ್ತವೆ.

ಅನಂತರ ಕಾಳಿ ನದಿಯ ಅಳಿವೆಯ ಬಳಚು, ಅಂದರೆ ಚಿಪ್ಪುಮೀನು. ಉಪ್ಪುನೀರಿನಲ್ಲಿ ಕೆಲವು ಗಂಟೆ ಇಟ್ಟು ಮರಳು ಬಿಡಿಸಿ, ಶುಂಠಿಯ ಎಸಳು ಹಾಕಿ, ಜಪಾನಿನಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ಸುರಿಯುವ ಕಡೆ ಅರ್ಧ ಲೋಟ ಬಿಳಿ ವೈನ್ ಸುರಿದು ಮುಚ್ಚಿಡಿ. ಚಿಪ್ಪುಗಳು ಬಾಯಿ ತೆರೆದ ಕೂಡಲೇ ಇಳಿಸಿ. ಬೆಂದ ಮೇಲೂ ತೆರೆಯದವನ್ನು ಎಸೆಯಿರಿ. ಅಡುಗೆಗೆ ಸುರಿದ ಸೋವಿನ್ಯೋಂ ಬ್ಲಾಂ ವೈನನ್ನೇ ಕುಡಿಯಲೂ ಕೊಡಿ. ನಿಮ್ಮ ಬಂಗುಡೆಗೂ ಅದೇ ಸಾಕು.

ಕೊನೆಯದು ಇಸ್ವಾಣದ ತೆರಿಯಾಕಿ. ಶೋಯು ಮತ್ತು ಸಕ್ಕರೆಯ ಪಾಕ ಸವರಿ ಸುಡುವ ಈ ಮೀನಿನ ಮುಂದೆ ಸಿಹಿಯೇ ಇಲ್ಲದ ವೈನ್ ತೆಳ್ಳಗೆ, ಬರೀ ಹುಳಿಯಾಗಿ ತೋರುತ್ತದೆ. ತುಸು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ ಅಥವಾ ರೀಸ್ಲಿಂಗ್ ಎಂಬ ಬಿಳಿ ವೈನ್ ಇಲ್ಲಿ ಬೇಕು. ವಸಾಬಿಯ ಘಾಟನ್ನೂ ಆ ಸಿಹಿ ತಡೆದುಕೊಳ್ಳುತ್ತದೆ. ನಾಸಿಕದ ಕಡೆಯ ಸೋವಿನ್ಯೋಂ ಬ್ಲಾಂ ಮತ್ತು ಶೆನಿನ್ ಬ್ಲಾಂ ಈ ಊಟಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ದುಬಾರಿ ವಿದೇಶಿ ಬಾಟಲಿಗೆ ಹಣ ಸುರಿಯಬೇಕಾಗಿಲ್ಲ. ಬೆಲೆ ಕಡಿಮೆಯೆಂದು ಗೋವಾದಿಂದ ಪರವಾನಗಿಯಿಲ್ಲದೆ ತರುವುದು ಅಪರಾಧ. ಗಡಿಯ ಮಾಜಾಳಿ ತಪಾಸಣಾ ಠಾಣೆಯಲ್ಲಿ ಹಬ್ಬದ ಸಂಜೆ ಕಳೆಯುವ ಪ್ರಸಂಗ ತಂದುಕೊಳ್ಳಬೇಡಿ.

ಬಾಟಲಿಗೆ 750 ಮಿಲಿಲೀಟರ್. ಎಂಟು ಮಂದಿಗೆ ತಲಾ 60ರಂತೆ ಬಗ್ಗಿಸಿದರೆ 480 ಆಗುತ್ತದೆ, ಆದ್ದರಿಂದ ಬಗೆಗೊಂದು ಬಾಟಲಿ ಧಾರಾಳ. ಬಿಳಿ ವೈನ್ 8ರಿಂದ 10 ಡಿಗ್ರಿಯಲ್ಲಿರಬೇಕು. ಕಾರವಾರದ ಸೆಕೆಯಲ್ಲಿ ಲೋಟ ಬೇಗ ಬಿಸಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಬಗ್ಗಿಸಿ, ಬಾಟಲಿಯನ್ನು ನೀರು, ಮಂಜುಗಡ್ಡೆ ಮತ್ತು ಒಂದು ಹಿಡಿ ಕಲ್ಲುಪ್ಪು ಹಾಕಿದ ಬಕೆಟಿನಲ್ಲಿ ಮುಳುಗಿಸಿಡಿ.

ಪ್ರಶ್ನೆ: ಇಂಥದೇ ಊಟಕ್ಕೆ ನಮ್ಮಲ್ಲಿ ಇಬ್ಬರು ವೈನ್ ಕುಡಿಯದವರು ಬರುತ್ತಾರೆ. ಅವರಿಗೆ ಬಾಟಲಿಯ ಸಿಹಿ ಪಾನೀಯ ಕೊಡಲು ಮನಸ್ಸಿಲ್ಲ. ಬೇರೇನು ಕೊಡಬಹುದು?
– ಓದುಗರು, ಶಿರಸಿ

ಉತ್ತರ: ಮುರುಗಲು ನಿಮ್ಮ ಸೀಮೆಯಲ್ಲೇ ಇರುವಾಗ ಹುಡುಕಾಟವೇ ಬೇಡ. ಬಿಳಿ ವೈನ್ ಈ ಊಟದಲ್ಲಿ ಮಾಡುವ ಕೆಲಸ ಮುಖ್ಯವಾಗಿ ಹುಳಿಯದು, ಮುರುಗಲಿನ ಹುಳಿಗೆ ಆ ಶಕ್ತಿ ಚೆನ್ನಾಗಿಯೇ ಇದೆ. ಒಣಗಿಸಿದ ಸಿಪ್ಪೆಯನ್ನು ತಣ್ಣೀರಿನಲ್ಲಿ ನಾಲ್ಕೈದು ಗಂಟೆ ನೆನೆಸಿ, ಕಿವುಚದೆ ತಿಳಿಯನ್ನಷ್ಟೇ ಸೋಸಿಕೊಳ್ಳಿ. ಸಿಪ್ಪೆಗೆ ಮೊದಲೇ ಉಪ್ಪು ಹಾಕಿ ಒಣಗಿಸಿದ್ದರೆ ಮತ್ತೆ ಉಪ್ಪು ಬೇಡ. ನಾವು ಸದಾ ಹಾಕುವ ಜೀರಿಗೆ, ಹಸಿಮೆಣಸುಗಳನ್ನು ಈ ಒಂದು ದಿನ ಬಿಡಿ, ಅವು ವಸಾಬಿಯೊಂದಿಗೆ ಜಗಳಕ್ಕೆ ನಿಲ್ಲುತ್ತವೆ. ತೆಂಪುರಾಕ್ಕೆ ಸಿಹಿಯಿಲ್ಲದೆ, ತೆರಿಯಾಕಿಗೆ ಚೂರು ಬೆಲ್ಲ ಕರಗಿಸಿ, ಉಳಿದವರಿಗೆ ಕೊಟ್ಟಂಥ ಲೋಟದಲ್ಲೇ ಅಷ್ಟೇ ತಣ್ಣಗೆ ಬಗ್ಗಿಸಿ ಕೊಡಿ.