ಕಾವಲು ಮನೆಯ ಸ್ಟೂಲಿಗೆ ಗಾಜಿನ ಕಾಲು ಯಾಕೆ?

ಅಮೆರಿಕದ ಬೆಟ್ಟದ ತುದಿಯಲ್ಲಿ ಕಾಡ್ಗಿಚ್ಚು ಕಾಯುವ ಮನೆ ನೋಡಿದೆ, ಒಳಗಿನ ಸ್ಟೂಲಿನ ಕಾಲಿಗೆ ಗಾಜು ಇತ್ತು, ಯಾಕೆ ಅಂತ ಕೇಳಿದ್ದೀರಿ. ಸುಮ್ನೆ ಅಂದಕ್ಕಲ್ಲ, ಸಿಡಿಲಿಗೆ ಹೆದರಿ. ಸುತ್ತಮುತ್ತ ಎಲ್ಲಕ್ಕಿಂತ ಎತ್ತರದ ಜಾಗ ಆ ಮನೆಯೇ, ಅಲ್ವಾ? ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಗುಡುಗು ಜಾಸ್ತಿಯಾದಾಗ ಕಾವಲಿನವರು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಚಾವಣಿಯಿಂದ ನೆಲದವರೆಗೆ ತಾಮ್ರದ ತಂತಿಯೂ ಇರುತ್ತಿತ್ತು.

1910ರಲ್ಲಿ ಐಡಹೋ, ಮೊಂಟಾನಾ ರಾಜ್ಯಗಳ ಕಡೆ ಸುಮಾರು 30 ಲಕ್ಷ ಎಕರೆ ಸುಟ್ಟುಹೋದ ಮೇಲೆ ಇಂಥ ಮನೆಗಳು ಹೆಚ್ಚಾದವು. 1930ರ ದಶಕದಲ್ಲಂತೂ ಸಾಲುಸಾಲು. ತುಂಬಾ ಕಡೆ ಕಟ್ಟಿದ್ದು ಎಲ್-4 ಮಾದರಿ: 14 ಅಡಿಗೆ 14 ಅಡಿಯ ಒಂದೇ ಕೋಣೆ, ನಾಲ್ಕೂ ಕಡೆ ಕಿಟಕಿ. ಅಳತೆಗೆ ಕೊಯ್ದ ಮರವನ್ನು ಹೇಸರಗತ್ತೆಗಳ ಮೇಲೆ ಹೇರಿ ತಂದು ಮೇಲೆ ಜೋಡಿಸುತ್ತಿದ್ದರು. ಕಿಟಕಿಯ ಹೊರಬಾಗಿಲನ್ನು ಬೇಸಿಗೆಯಲ್ಲಿ ಮೇಲಕ್ಕೆತ್ತಿ ಕೋಲು ಕೊಟ್ಟರೆ ಅದೇ ನೆರಳು. ಚಳಿಗಾಲದಲ್ಲಿ ಇಳಿಸಿ ಮುಚ್ಚಿದರೆ ಹಿಮದಿಂದ ಗಾಜಿಗೆ ರಕ್ಷಣೆ. ನನಗೆ ಇದೇ ಬಲು ಇಷ್ಟ.

ಮಂಚ, ಮೇಜು ಎಲ್ಲ ತಗ್ಗು, ನೋಟಕ್ಕೆ ಅಡ್ಡ ಬರಬಾರದಲ್ಲ. ನಡುವೆ ಎತ್ತರಕ್ಕಿರುವುದು ಬೆಂಕಿಯ ಜಾಗ ಪತ್ತೆಹಚ್ಚುವ ಆಸ್ಬೋರ್ನ್ ಫೈರ್ ಫೈಂಡರ್ ಎಂಬ ಸಾಧನ ಒಂದೇ: ದುಂಡನೆಯ ನಕ್ಷೆ, ಸುತ್ತ ಡಿಗ್ರಿ ಗುರುತಿನ ಉಂಗುರ. ಹೊಗೆಗೆ ಗುರಿ ಹಿಡಿದು ದಿಕ್ಕು ಓದಬೇಕು. ಇನ್ನೊಂದು ಬೆಟ್ಟದವರೂ ಅದೇ ಹೊಗೆಯ ದಿಕ್ಕು ಹೇಳಿದರೆ, ನಕ್ಷೆಯಲ್ಲಿ ಆ ಎರಡು ದಿಕ್ಕಿನ ಗೆರೆ ಕೂಡುವಲ್ಲೇ ಬೆಂಕಿ.